ಎಣಿಸದ ಕುರಿ, ಎಣಿಸಿದ ಉಣ್ಣೆ

"ಕುರಿ ಎಷ್ಟಿವೆ ಬಾಲರಾಜು?" ರಾಜಶೇಖರ್ ಸಾರ್ ಮೂರನೇ ಸಲ ಕೇಳಿದರು.

"ಅವೆ ಸಾರ್."

"ಅವೆ ಅನ್ನೋದು ಗೊತ್ತಾಯ್ತು ಕಣಪ್ಪ. ಎಷ್ಟು?"

"ದೇವ್ರು ಕೊಟ್ಟಷ್ಟು."

ರಾಜಶೇಖರ್ ಸಾರ್ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಚಿತ್ರದುರ್ಗದ ಕೋರ್ಟಿನಲ್ಲಿ ಮಧ್ಯಸ್ಥಿಕೆ ನಡೆಸುವ ಹಿರಿಯ ವಕೀಲರು ಅವರು. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಜಗಳವನ್ನು ಕಾಗದಕ್ಕಿಳಿಸಿ, ಸಹಿ ಹಾಕಿಸಿ ಕಳಿಸುವುದು ಅವರ ಕೆಲಸ. ನಮ್ಮದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ನನ್ನ ಅಕ್ಕ ನೇತ್ರಾವತಿ, ಭಾವ ಬಾಲರಾಜು ಇಬ್ಬರೂ ಬೇರೆಯಾಗಲು ಒಪ್ಪಿದ್ದರು. ಮಗಳು ಗಾನವಿ ಶಾಲೆಯ ದಿನಗಳಲ್ಲಿ ಹಿರಿಯೂರಿನಲ್ಲಿ ಅಕ್ಕನ ಹತ್ತಿರ. ಹದಿನೈದು ದಿನಕ್ಕೊಮ್ಮೆ ಶನಿವಾರ ಭಾನುವಾರ, ಅದರ ಮೇಲೆ ದಸರಾ ರಜೆ, ಬೇಸಿಗೆ ರಜೆ, ರಾಮಗಿರಿ ಪಕ್ಕದ ಹಟ್ಟಿಯಲ್ಲಿ ಭಾವನ ಹತ್ತಿರ. ಅದಕ್ಕೂ ಒಪ್ಪಿದ್ದರು. ಉಳಿದಿದ್ದು ಗಾನವಿಯ ಜೀವನಾಂಶಕ್ಕೆ ಭಾವ ಎಷ್ಟು ಕೊಡಬೇಕು ಅನ್ನುವುದೊಂದೇ. ಅದನ್ನು ನಿರ್ಧರಿಸಲು ಆಸ್ತಿ, ಆದಾಯದ ಅಫಿಡವಿಟ್ ಬೇಕು. ಅಫಿಡವಿಟ್ಟಿನಲ್ಲಿ ಜಾನುವಾರು ಎಂದು ಬರೆದ ಕಡೆ ಒಂದು ಸಂಖ್ಯೆ ಬೇಕು.

ನಮ್ಮವರು ಕುರಿ ಎಣಿಸುವುದಿಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಅನ್ನುತ್ತಾರೆ. ಸಂಜೆ ರೊಪ್ಪದೊಳಗೆ ಕುರಿ ಕೂಡುವಾಗ ಒಂದು ಕಡಿಮೆಯಾಗಿದ್ದರೆ ಮುದುಕರಿಗೆ ತಟ್ಟನೆ ತಿಳಿಯುತ್ತದೆ. ಯಾವುದು ಬಂದಿಲ್ಲ, ಅದರ ತಾಯಿ ಯಾವುದು, ಅದು ಯಾವ ಬೇಲಿಯಲ್ಲಿ ಸಿಕ್ಕಿಕೊಂಡಿರಬಹುದು ಎಂಬುದೂ ತಿಳಿಯುತ್ತದೆ. ಆದರೆ ಎಷ್ಟರಲ್ಲಿ ಒಂದು ಕಡಿಮೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ನಾನು ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ನಮ್ಮಪ್ಪನ ಮಂದೆಯಲ್ಲಿ ಎಷ್ಟು ಕುರಿ ಇದ್ದವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ನೋಡಿದ್ರಾ ಸಾರ್?" ಅಂದರು ನಮ್ಮ ಕಡೆಯ ವಕೀಲರು ದಯಾನಂದ. "ಆಸ್ತಿ ಮುಚ್ಚಿಡೋದು ಅಂದ್ರೆ ಇದೇ. ಮುನ್ನೂರಕ್ಕೆ ಕಮ್ಮಿ ಇಲ್ಲ ಅಂತ ನನ್ನ ಅಂದಾಜು."

ಭಾವನ ಹಿಂದೆ ನಿಂತಿದ್ದ ಅವರ ತಾಯಿ ಮುದ್ದಕ್ಕ, ಆ 'ಮುನ್ನೂರು' ಕಿವಿಗೆ ಬಿದ್ದದ್ದೇ ಎಡಕ್ಕೆ ತಿರುಗಿ ಥೂ ಥೂ ಎಂದು ಗಾಳಿಗೆ ಉಗಿದರು. ಪುಣ್ಯಕ್ಕೆ ಬರೀ ಗಾಳಿ. ಪಕ್ಕದಲ್ಲಿ ಕೋರ್ಟಿನ ಗುಮಾಸ್ತರ ಟೇಬಲ್ಲಿತ್ತು.

ರಾಜಶೇಖರ್ ಸಾರ್ ಅಕ್ಕನ ಕಡೆ ತಿರುಗಿದರು. "ನೀವು ಏಳು ವರ್ಷ ಆ ಮನೆಯಲ್ಲಿ ಇದ್ದೋರು. ನಿಮಗೆ ಗೊತ್ತಿರುತ್ತಲ್ಲಮ್ಮ. ನೀವೇ ಹೇಳಿ, ಬರ್ಕೊಳ್ತೀನಿ."

ನನ್ನ ತೊಡೆಯ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದ ಗಾನವಿಯ ಕ್ರಯಾನ್ ನಿಂತಿತು. ಭಾವ ನೆಲ ನೋಡಿದರು. ಮುದ್ದಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅಕ್ಕನಿಗೆ ಗೊತ್ತು. ಗೊತ್ತಿಲ್ಲದೆ ಹೇಗಿರುತ್ತದೆ? ಏಳು ವರ್ಷ ಆ ರೊಪ್ಪದ ಕಸ ಗುಡಿಸಿದವಳು. ಅವಳು ಒಂದು ಸಂಖ್ಯೆ ಹೇಳಿದ್ದರೆ ಆ ಕ್ಷಣವೇ ಅವಳ ಕೈ ಮೇಲಾಗುತ್ತಿತ್ತು.

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಅವೆ ಸಾರ್," ಅಂದಳು.

ರಾಜಶೇಖರ್ ಸಾರ್ ಪೆನ್ನಿಗೆ ಮುಚ್ಚಳ ಹಾಕಿದರು. "ಮೂವತ್ತು ವರ್ಷದ ಸರ್ವೀಸಲ್ಲಿ ಗಂಡ ಹೆಂಡತಿ ಇಬ್ರೂ ಸೇರ್ಕೊಂಡು ಆಸ್ತಿ ಮುಚ್ಚಿಡೋ ಕೇಸು ಇದೇ ಮೊದಲು," ಅಂದು ದಿನಾಂಕದ ಪುಸ್ತಕ ತೆರೆದರು. "ಹದಿನೈದು ದಿನ ಕೊಡ್ತೀನಿ. ಒಂದು ಸಂಖ್ಯೆ ತನ್ನಿ. ಇಲ್ಲಾಂದ್ರೆ ಮಧ್ಯಸ್ಥಿಕೆ ಆಗಲಿಲ್ಲ ಅಂತ ಬರೆದು ಕೋರ್ಟಿಗೆ ವಾಪಸ್ ಕಳಿಸ್ಬೇಕಾಗುತ್ತೆ. ಅಲ್ಲಿ ಎಲ್ಲಾ ಮೊದಲಿಂದ ಶುರು. ಮಗು ಯಾರ ಹತ್ರ ಅನ್ನೋದೂ ಸೇರಿ. ಈ ಹದಿನೈದು ದಿನಕ್ಕೊಂದ್ಸಲ, ರಜಾಕ್ಕೊಂದ್ಸಲ ಅನ್ನೋದೆಲ್ಲ ಇರುತ್ತೋ ಹೋಗುತ್ತೋ, ನಾನು ಹೇಳೋಕಾಗಲ್ಲ."

ಹೊರಗೆ ವರಾಂಡದಲ್ಲಿ ದಯಾನಂದ ಸಾರ್ ಅಕ್ಕನಿಗೆ ಬೈದರು. ಬೈಗುಳವಲ್ಲ, ವಕೀಲರು ಬೈಯುವ ಹಾಗೆ, ಗಡಿಯಾರ ನೋಡಿಕೊಂಡು. "ಏನಮ್ಮ ನೀವು? ಬಾಯಿಗೆ ಬಂದ ತುತ್ತು. ಒಂದು ಅರ್ಜಿ ಹಾಕೋಣ. ಆಸ್ತಿ ಮರೆಮಾಚಿದ್ದಾರೆ, ಇಂಥವರ ಹತ್ರ ಮಗು ಕಳಿಸೋಕೆ ನಂಬಿಕೆ ಇಲ್ಲ ಅಂತ. ಜೀವನಾಂಶನೂ ಜಾಸ್ತಿ, ಮಗೂನೂ ಪೂರ್ತಿ ನಿಮಗೆ. ರೆಡಿ ಮಾಡಿಡ್ತೀನಿ, ಬಂದು ಸಹಿ ಹಾಕಿ."

"ಯೋಚ್ನೆ ಮಾಡ್ತೀನಿ ಸಾರ್," ಅಂದಳು ಅಕ್ಕ.

ಇಂಥ ಹೊತ್ತಿನಲ್ಲಿ ಹೇಳಬೇಕಾದ್ದು ನನಗೆ ಮನೆಗೆ ಹೋಗಿ ಡೈರಿ ಬಿಚ್ಚಿದ ಮೇಲೇ ಹೊಳೆಯುವುದು. ಆ ದಿನ ಡೈರಿಯಲ್ಲಿ ಬರೆದದ್ದು ಇಷ್ಟೇ: ಅಕ್ಕ ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ. ಹೇಳದೆ ಇದ್ದದ್ದಕ್ಕೆ ಖುಷಿಯಾಯಿತು ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಆದರೆ ವರಾಂಡದಲ್ಲಿ ಇನ್ನೊಂದು ನಡೆಯಿತು. ಮುದ್ದಕ್ಕ ಕೈಚೀಲ ಹಿಡಿದು ನನ್ನ ಹತ್ತಿರ ಬಂದರು. ಚೀಲದಲ್ಲಿ ಅಕ್ಕಿ. ಗಾನವಿಯ ಹೆಸರು ಇನ್ನೂ ಅವರ ರೇಷನ್ ಕಾರ್ಡಿನಲ್ಲೇ ಇದೆ. ಅವಳ ಪಾಲಿನ ಅಕ್ಕಿ ಹಟ್ಟಿಗೇ ಬರುತ್ತದೆ. ಮುದ್ದಕ್ಕ ಪ್ರತಿ ತಿಂಗಳೂ ಅದನ್ನು ಸೇರಿನಲ್ಲಿ ಅಳೆದು ಎರಡು ಪಾಲು ಮಾಡಿ, ಒಂದನ್ನು ನಮಗೆ ಕಳಿಸುತ್ತಾರೆ. ಸರ್ಕಾರ ಮಾಡದ ಲೆಕ್ಕ ಅದು, ಅವರದೇ.

"ಲತವ್ವ," ಅಂದರು ನನಗೆ. ಅಕ್ಕ ಎರಡು ಮಾರು ದೂರದಲ್ಲೇ ನಿಂತಿದ್ದಳು, ಆದರೂ ನನಗೆ. "ನಿಮ್ಮಕ್ಕ ಬಾಯಿ ಬಿಡ್ಲಿಲ್ಲ."

"ಹ್ಞೂಂ ಅತ್ತೆ."

"ಬರೋ ಶನಿವಾರ ಉಣ್ಣೆ ಕತ್ತರಿಸ್ತೀವಿ. ಮಗೀನ ಕರ್ಕಂಬರ್ತೀಯಲ್ಲ, ನಿಮ್ಮಕ್ಕನ್ನೂ ಕರ್ಕಂಬಾ. ಉಣ್ಣೆ ಸುತ್ತಕೆ ಕೈ ಕಮ್ಮಿ ಅವೆ."

"ಕೇಳ್ತೀನಿ ಅತ್ತೆ."

"ಕೇಳೋದೇನು, ಕೇಳುಸ್ಕ್ಯಂಡಾಳೆ," ಅಂದು ಹೋದರು.

*

ಶನಿವಾರ ಬೆಳಿಗ್ಗೆ ಅಕ್ಕ ಮೂರು ಸೀರೆ ಬದಲಾಯಿಸಿದಳು. ಕೊನೆಗೆ ಮೊದಲು ಉಟ್ಟಿದ್ದನ್ನೇ ಉಟ್ಟಳು.

ಹಿರಿಯೂರಿನಿಂದ ದುರ್ಗ, ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ರಾಮಗಿರಿ. ಮೂರು ಬಸ್ಸು, ಮೂರು ಗಂಟೆ. ಒಂದು ವರ್ಷದಿಂದ ಈ ದಾರಿ ನನ್ನದು. ಅಕ್ಕ ಭಾವ ಮಾತಾಡುತ್ತಿರಲಿಲ್ಲ, ಹಾಗಾಗಿ ಗಾನವಿಯನ್ನು ಬಿಡುವುದು, ಕರೆತರುವುದು, "ಜ್ವರದ ಸಿರಪ್ ಚೀಲದ ಸೈಡಿನಾಗೈತೆ ಅನ್ನು", "ಹಲ್ಲು ಅಲ್ಲಾಡ್ತೈತೆ, ಕೀಳಬ್ಯಾಡ ಅನ್ನು" ಎಂಬ ಮಾತುಗಳನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುವುದು, ಎಲ್ಲವೂ ನಾನೇ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿಯ ಚೀಟಿಗಳನ್ನು ಗಾನವಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅಪ್ಪ ಅಮ್ಮ ಇಬ್ಬರ ನಡುವೆ ಒಂದು ಮಗು ಓಡಾಡುವುದಕ್ಕೆ ಈ ಸರ್ಕಾರ ಎಷ್ಟು ಖರ್ಚು ಮಾಡುತ್ತಿದೆ ಎಂದು ಯಾರಿಗಾದರೂ ಲೆಕ್ಕ ಬೇಕಿದ್ದರೆ ಆ ಡಬ್ಬಿ ನೋಡಬಹುದು.

"ಚಿಕ್ಕಿ, ಅಮ್ಮನೂ ಬರ್ತೈತೆ," ಅಂದಳು ಗಾನವಿ ಬಸ್ಸಿನಲ್ಲಿ, ಅಮ್ಮ ಪಕ್ಕದಲ್ಲೇ ಇದ್ದರೂ ನನ್ನ ಕಿವಿಯಲ್ಲಿ, ಗುಟ್ಟಿನ ಹಾಗೆ.

ಅಕ್ಕ ಭಾವ ಯಾಕೆ ಬೇರೆಯಾದರು ಎಂದು ಕೇಳುವವರಿಗೆ ಕೊಡಲು ನನ್ನ ಹತ್ತಿರ ದೊಡ್ಡ ಕಥೆ ಇಲ್ಲ. ಭಾವ ಕುಡಿಯುವವರಲ್ಲ, ಹೊಡೆಯುವವರಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಮಂದೆಯ ಹಿಂದೆ ಹೊಸದುರ್ಗದ ಆಚೆಗೆ, ಭದ್ರಾ ಬಯಲಿಗೆ ಹೋಗುತ್ತಿದ್ದರು. ಅಕ್ಕ ಹಿರಿಯೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಮನೆ ಮಾಡಿದಳು. ಭಾವನನ್ನೂ ಕರೆದಳು. ಭಾವ ಬಂದು ಹದಿನೇಳು ದಿನ ಇದ್ದರು. ಅವರಿಗೆ ಫ್ಯಾನಿನ ಕೆಳಗೆ ನಿದ್ದೆ ಬರುತ್ತಿರಲಿಲ್ಲ, ಅಕ್ಕನಿಗೆ ಫ್ಯಾನಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ಅರ್ಜಿಯಲ್ಲಿ ಹೊಂದಾಣಿಕೆಯ ಕೊರತೆ ಎಂದು ಬರೆದಿದ್ದರು.

ರಾಮಗಿರಿಯಲ್ಲಿ ಇಳಿದು, ರೈಲ್ವೆ ಗೇಟು ದಾಟಿ ನಡೆದರೆ ಹಟ್ಟಿ. ಗೇಟಿನ ಹತ್ತಿರವೇ ಕುರಿಗಳ ಸದ್ದು ಕೇಳಿತು. ಅಕ್ಕನ ನಡಿಗೆ ಜೋರಾಯಿತು. ಅವಳಿಗೇ ಗೊತ್ತಾಗಲಿಲ್ಲ.

*

ಹಿಂದಿನ ದಿನವೇ ಕೆರೆಗೆ ಹೊಡೆದುಕೊಂಡು ಹೋಗಿ ಕುರಿಗಳ ಮೈ ತೊಳೆದಿದ್ದರು. ಹುಣಸೆ ಮರದ ಕೆಳಗೆ ಹತ್ತು ಹನ್ನೆರಡು ಜನ ಕತ್ತರಿ ಹಿಡಿದು ಕೂತಿದ್ದರು. ಕೂಲಿಗೆ ಬಂದವರಲ್ಲ, ಮುಯ್ಯಿಗೆ ಬಂದವರು. ಇವತ್ತು ಇವರ ಮಂದೆ, ನಾಳೆ ಅವರ ಮಂದೆ. ಒಬ್ಬ ಕುರಿಯನ್ನು ಮಲಗಿಸಿ ಕಾಲು ಕಟ್ಟಿದರೆ ಇನ್ನೊಬ್ಬ ಹೊಟ್ಟೆಯ ಕಡೆಯಿಂದ ಕತ್ತರಿ ಹಾಕುತ್ತಾನೆ. ಕಪ್ಪು ಉಣ್ಣೆ ಕಂಬಳಿ ಮಡಿಕೆ ಬಿಚ್ಚಿದಂತೆ ಪೂರ್ತಿ ಒಂದೇ ಹಾಸಾಗಿ ಬಿಟ್ಟುಕೊಂಡು ಬರುತ್ತದೆ. ಬಿಚ್ಚಿದ ಮೇಲೆ ಕುರಿ ಅರ್ಧವಾಗಿ, ನಾಚಿಕೊಂಡು, ಓಡಿಹೋಗಿ ಮಂದೆಯಲ್ಲಿ ಸೇರಿಕೊಳ್ಳುತ್ತದೆ. ನನಗೆ ಅವುಗಳ ಆ ಓಟ ಚೆನ್ನಾಗಿ ಅರ್ಥವಾಗುತ್ತದೆ.

ಭಾವನ ಅಪ್ಪ ಪಾಲಣ್ಣ ಮಾವ ರೊಪ್ಪದ ಬಾಯಲ್ಲಿ ನಿಂತು ಒಂದೊಂದನ್ನೇ ಬಿಡುತ್ತಿದ್ದರು. "ಬಾರೆ ಮಚ್ಚೆಮುಖದೋಳೆ. ನೀನು ಅವಳ ಮಗಳಲ್ಲೇನೆ? ಹೋಗು, ಹೋಗು, ಯಾರೂ ನುಂಗಲ್ಲ. ಏ ಕೊಂಬುಮುರುಕ, ನೀನು ಸರದಿ ಮುರೀಬ್ಯಾಡ."

ನಾವು ಬಂದದ್ದನ್ನು ಮೊದಲು ನೋಡಿದವರು ಕತ್ತರಿ ಹಿಡಿದವರಲ್ಲೆಲ್ಲ ಹಿರಿಯರಾದ ಚಿಕ್ಕತಿಮ್ಮಪ್ಪ. "ಓಹೋ, ಯಾರು ಬಂದ್ರು! ಏನ್ ನೇತ್ರವ್ವ, ಹಿರಿಯೂರಾಗೆ ಅಂಗಿ ಹೊಲ್ದು ಹೊಲ್ದು ಉಣ್ಣೆ ಸುತ್ತದು ಮರ್ತೀಯೋ ಏನ?"

"ನೀನು ಕತ್ತರಿಸೋದು ಮರೀದಿದ್ರೆ ಸಾಕು ತಾತ. ಹೋದ್ಸಲ ಕುರಿ ಕಿವಿಗೆ ಹಾಕಿದ್ಯಂತೆ ಕತ್ತರೀನ."

ಮರದ ಕೆಳಗೆ ನಗು ಎದ್ದಿತು. ಭಾವನೂ ನಕ್ಕರು, ತಲೆ ಎತ್ತದೆ, ಕತ್ತರಿ ನಿಲ್ಲಿಸದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುದ್ದಕ್ಕನ ಪಕ್ಕ ಕೂತಳು. ಮುದ್ದಕ್ಕ ಒಂದು ಹಾಸು ಉಣ್ಣೆಯನ್ನು ಅವಳ ಮುಂದೆ ಸರಿಸಿದರು. ಕಸ ಕೊಡವಿ, ಅಂಚು ಒಳಗೆ ಮಡಚಿ, ಮೊಣಕಾಲಲ್ಲಿ ಒತ್ತಿ ಸುತ್ತಿದರೆ ಒಂದು ಉಂಡೆ. ಅಕ್ಕನ ಉಂಡೆ ಮುದ್ದಕ್ಕನ ಉಂಡೆಗಿಂತ ಬಿಗಿಯಾಗಿತ್ತು. ಮುದ್ದಕ್ಕ ಅದನ್ನು ಒಮ್ಮೆ ಅದುಮಿ ನೋಡಿ ಗೋಡೆಯ ಕಡೆಗೆ ಎಸೆದರು. ಗೋಡೆಯ ಹತ್ತಿರ ಉಂಡೆಗಳನ್ನು ಒಟ್ಟುವ ಕೆಲಸ ನನ್ನದೂ ಗಾನವಿಯದೂ.

"ಕೊಳ್ಳೋರು ದಿಕ್ಕಿಲ್ಲ ಈ ಉಣ್ಣೆನ," ಅಂದರು ಚಿಕ್ಕತಿಮ್ಮಪ್ಪ. "ಮೊದ್ಲು ಕಂಬಳಿಯೋರು ಮನೆ ಬಾಗ್ಲಿಗೆ ಬಂದು ಕಾಯೋರು. ಈಗ ಕತ್ತರಿಸೋದು ಕುರಿ ಕೆರ್ಕೋಬಾರ್ದು ಅಂತ ಅಷ್ಟೇಯ."

"ಮತ್ತೆ ಇಷ್ಟನ್ನ ಏನ್ ಮಾಡ್ತೀರಿ?" ಕೇಳಿದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು, ಆದರೂ ಅವರಿಗೆ ಕೇಳಿಸಿತು.

"ಒಟ್ಟಿ ಇಡದು. ಒಂದು ಕುರಿಗೆ ಒಂದು ಉಂಡೆ. ನೋಡ್ಕ್ಯಂತ ಕೂರದು."

ನಾನು ಉಂಡೆ ಹಿಡಿದು ನಿಂತುಬಿಟ್ಟೆ.

ಒಂದು ಕುರಿಗೆ ಒಂದು ಉಂಡೆ. ನಾನು ಬಂದಾಗಿನಿಂದ ಒಟ್ಟುತ್ತಿರುವುದು ಅದನ್ನೇ. ಹೇಳಲೇ, ಬೇಡವೇ? ಈ ಮನೆಯವರು ಒಂದು ಶಬ್ದ ಮಾತಾಡದೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ. ನಾನು ಬಾಯಿ ತೆರೆದು ಅದನ್ನು ಕೆಡಿಸಿದರೆ? ಇನ್ನೂ ನಾಲ್ಕು ಉಂಡೆ ಒಟ್ಟಿದೆ. ಐದನೆಯದನ್ನು ಎತ್ತಿಕೊಂಡು ಹೋಗಿ ಮುದ್ದಕ್ಕನ ಪಕ್ಕ ಕುಕ್ಕುರುಗಾಲಲ್ಲಿ ಕೂತೆ.

"ಅತ್ತೆ. ಒಂದು ಮಾತು. ತಪ್ಪು ತಿಳಿಬೇಡಿ."

"ಹೇಳವ್ವ."

"ಉಣ್ಣೆ ಎಣಿಸಬಹುದಾ?"

ಮುದ್ದಕ್ಕನ ಕೈ ನಿಂತಿತು. ಅಕ್ಕನ ಕೈಯೂ ನಿಂತಿತು. ನನಗೆ ಎದ್ದು ರೈಲ್ವೆ ಗೇಟಿನವರೆಗೆ ಓಡಿಬಿಡಬೇಕು ಅನ್ನಿಸಿತು.

ಮುದ್ದಕ್ಕ ರೊಪ್ಪದ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ಏನಂತಿ?" ಎಂದು ಗಂಡನನ್ನು ಕೂಗಿ ಕೇಳಿದರು. "ಈ ಹುಡುಗಿ ಉಣ್ಣೆ ಎಣಿಸ್ಲಾ ಅಂತೈತೆ."

ಪಾಲಣ್ಣ ಮಾವ ಕುರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. ಮರದ ಕೆಳಗೆ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಭಾವನ ಕತ್ತರಿಯೂ ನಿಂತಿತ್ತು.

"ಮೈಮ್ಯಾಲಿರಾಗ ಅದು ಕುರಿ," ಅಂದರು ಕೊನೆಗೆ. "ಕೆಳಗೆ ಬಿದ್ಮ್ಯಾಲೆ ಅದು ಉಣ್ಣೆ. ಉಣ್ಣೆಗೇನು ಜೀವ ಐತಾ, ಸಾಯಕೆ? ಎಣಿಸ್ಕಳ್ಳಲಿ."

"ಆದ್ರೆ ರೊಪ್ಪದ ಕಡೀಗೆ ಬೆನ್ನು ಮಾಡ್ಕ್ಯಂಡು ಎಣಿಸ್ಬೇಕು," ಮುದ್ದಕ್ಕ ಸೇರಿಸಿದರು. "ನಮ್ಮ ಮನೇರು ಯಾರೂ ಎಣಿಸ್ಬಾರ್ದು."

ಮಧ್ಯಾಹ್ನ ಕೊನೆಯ ಕುರಿ ಎದ್ದು ಓಡಿದ ಮೇಲೆ ನಾನು ಡೈರಿ ತೆಗೆದು, ರೊಪ್ಪಕ್ಕೆ ಬೆನ್ನು ಮಾಡಿ ಉಂಡೆಗಳ ಮುಂದೆ ನಿಂತೆ. ಜನವೆಲ್ಲ ಸುತ್ತ ಸೇರಿತ್ತು. ಅಷ್ಟು ಕಣ್ಣುಗಳ ಮುಂದೆ ನನಗೆ ಒಂದು ಆದಮೇಲೆ ಏನು ಎಂಬುದೇ ಮರೆತುಹೋಯಿತು. ಎರಡು ಸಲ ಶುರು ಮಾಡಿದೆ, ಎರಡು ಸಲ ತಪ್ಪಿತು.

"ನಾನ್ ಎಣಿಸ್ತೀನಿ ಚಿಕ್ಕಿ!" ಅಂದಳು ಗಾನವಿ.

"ಅದು ನಮ್ಮ ಮನೇದಲ್ವಾ," ಮುದ್ದಕ್ಕ ಗಾಬರಿಯಾದರು.

"ಅದ್ರಾಗೆ ಅರ್ಧ ಹಿರಿಯೂರಿಂದು," ಅಂದರು ಚಿಕ್ಕತಿಮ್ಮಪ್ಪ. "ಇವತ್ತು ಆ ಅರ್ಧ ಅನ್ಕಳ್ರಿ."

ಮುದ್ದಕ್ಕನಿಗೆ ಈ ನ್ಯಾಯ ಸರಿಕಂಡಿತು. ಗಾನವಿ ಒಂದೊಂದು ಉಂಡೆಗೂ ಬಡಿಯುತ್ತ, ಶಾಲೆಯಲ್ಲಿ ಹೇಳುವ ರಾಗದಲ್ಲಿ, ಕಿರುಚಿ ಎಣಿಸತೊಡಗಿದಳು. ಇಪ್ಪತ್ತಕ್ಕೆ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಐವತ್ತಕ್ಕೆ ಗಂಡಸರೂ ಸೇರಿ ತಲೆಯಾಡಿಸುತ್ತಿದ್ದರು. ನಾನು ಹತ್ತಕ್ಕೊಂದು ಗೆರೆ ಹಾಕುತ್ತಾ ಹೋದೆ. ತೊಂಬತ್ತೊಂಬತ್ತಕ್ಕೆ ಅವಳು ನಿಂತಳು.

"ಆಮೇಲೆ?" ಎಂದರು ಭಾವ, ತಡೆಯಲಾರದೆ.

"ಮಿಸ್ಸು ಇಲ್ಲೀಗಂಟ ಅಷ್ಟೇ ಹೇಳ್ಕೊಟ್ಟಿರದು," ಅಂದು ಗಾನವಿ ಮುಂದಿನ ಉಂಡೆಗೆ ಬಡಿದಳು. "ಒಂದು! ಎರಡು! ಮೂರು!"

ಹತ್ತೊಂಬತ್ತಕ್ಕೆ ಉಂಡೆಗಳು ಮುಗಿದವು.

"ಏನೇ ಇದು?" ಭಾವ ಅಕ್ಕನ ಕಡೆ ತಿರುಗಿದರು. ನನ್ನ ಕಡೆಗಲ್ಲ, ಅಕ್ಕನ ಕಡೆಗೇ. "ಜನವರಿ ಕಳೀತು, ನೂರು ಹೇಳ್ಕೊಟ್ಟಿಲ್ವ ಇನ್ನೂ?"

"ನಿನ್ಹತ್ರ ಬಂದಾಗ ನೀನು ಹೇಳ್ಕೊಡು. ಕುರಿ ಹಿಂದೆ ತಿರುಗುಸ್ತೀಯಲ್ಲ ದಿನಾ," ಅಂದಳು ಅಕ್ಕ.

"ನಾನ್ ಎಣಿಸದು ಕಲುಸ್ಬಾರ್ದು ಕಣೆ!"

ಇದಕ್ಕೆ ಅಕ್ಕ ನಕ್ಕ ನಗುವನ್ನು ನಾನು ಒಂದು ವರ್ಷದಿಂದ ಕೇಳಿರಲಿಲ್ಲ. ಉಣ್ಣೆಯ ರಾಶಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಊಟಕ್ಕೆ ಎಲ್ಲರೂ ಸಾಲಾಗಿ ಕೂತಾಗಲೂ ನೆನಪಾಗಿ ನಗುತ್ತಿದ್ದಳು. ಮುದ್ದೆ, ಕುರಿ ಸಾರು, ಮೇಲೆ ಅನ್ನ. ಮುದ್ದಕ್ಕ ಅವಳ ತಟ್ಟೆಗೆ ಕೇಳದೆಯೇ ಎರಡನೇ ಮುದ್ದೆ ಹಾಕಿದರು.

ಸಂಜೆ ಹೊರಡುವ ಮುಂಚೆ ಅಕ್ಕ ದಯಾನಂದ ಸಾರ್‌ಗೆ ಫೋನ್ ಮಾಡಿದಳು. "ಆ ಅರ್ಜಿ ಬ್ಯಾಡ ಸಾರ್. ಸಂಖ್ಯೆ ಸಿಕ್ತು." ಆ ಕಡೆಯಿಂದ ಏನೋ ಕೇಳಿದರು. "ಇಲ್ಲ ಸಾರ್, ಕುರಿದಲ್ಲ. ಬಂದು ಹೇಳ್ತೀವಿ."

*

ಮುಂದಿನ ಬುಧವಾರ ಮತ್ತೆ ಅದೇ ಕೋಣೆ. ಭಾವ ಅಫಿಡವಿಟ್ ಕೊಟ್ಟರು. ರಾಜಶೇಖರ್ ಸಾರ್ ಓದಿದರು, ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರು.

"ಜಾನುವಾರು ಅನ್ನೋ ಕಡೆ ನೀವು ಬರ್ದಿರೋದು... 'ಈ ಸಲ ಕತ್ತರಿಸಿದ ಉಣ್ಣೆಯ ಉಂಡೆಗಳು, ತೊಂಬತ್ತೊಂಬತ್ತು ಮತ್ತು ಹತ್ತೊಂಬತ್ತು.' ಏನಪ್ಪ ಇದು?"

ಭಾವ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದಳು. ಮುದ್ದಕ್ಕ ನನ್ನ ಬೆನ್ನಿಗೆ ಬೆರಳಿಂದ ತಿವಿದರು, ಸೂಜಿ ಚುಚ್ಚಿದ ಹಾಗೆ.

ನಾನು ಎದ್ದು ನಿಂತೆ. ಏಳುವ ಅಗತ್ಯವಿರಲಿಲ್ಲ, ಶಾಲೆಯ ಅಭ್ಯಾಸ. ನಮ್ಮವರು ಕುರಿ ಎಣಿಸುವುದಿಲ್ಲ, ಮುಚ್ಚಿಡುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ, ಎಂದು ಹೇಳಿದೆ. ಉಣ್ಣೆ ಎಣಿಸಬಹುದು ಎಂದೆ. ಒಂದು ಕುರಿಗೆ ಒಂದು ಉಂಡೆ. ಈ ವರ್ಷದ ಮರಿಗಳಿಗೆ ಇನ್ನೂ ಕತ್ತರಿ ಹಾಕಿಲ್ಲ, ಅವು ಇದರಲ್ಲಿಲ್ಲ. ಎಣಿಸಿದವಳು ಗಾನವಿ, ಗೆರೆ ಹಾಕಿದವಳು ನಾನು, ಸಾಕ್ಷಿಗೆ ಹನ್ನೆರಡು ಜನ ಇದ್ದರು. ಡೈರಿಯ ಆ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಹೇಳಿದೆ. ಕುರಿಯವರ ಕೈಗೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ ಸಾರ್, ಮರಿ ಮಾರಿದಾಗ ಬರುತ್ತದೆ. ತಿಂಗಳಿಗೆ ಇಷ್ಟು ಎಂದು ಪೂರ್ತಿ ಬರೆದರೆ ಭಾವ ನಾಲ್ಕು ತಿಂಗಳು ತಪ್ಪಿಸುತ್ತಾರೆ, ಐದನೇ ತಿಂಗಳು ಒಟ್ಟಿಗೆ ತರುತ್ತಾರೆ, ಆ ನಾಲ್ಕು ತಿಂಗಳು ಅಕ್ಕ ಇವರನ್ನು ಬೈದುಕೊಂಡಿರುತ್ತಾಳೆ.

ಹೇಳಿ ಕೂತೆ. ಗಾನವಿ ತನ್ನ ಕ್ರಯಾನನ್ನು ನನ್ನ ಕೈಯೊಳಗಿಟ್ಟಳು, ಯಾಕೋ.

ರಾಜಶೇಖರ್ ಸಾರ್ ಹಾಳೆಯ ಗೆರೆಗಳನ್ನು ಬೆರಳಿಟ್ಟು ಕೂಡಿದರು. "ಅಂದ್ರೆ ಒಟ್ಟು ನೂರಾ ಹದಿನೆಂಟು ಕು..." ಎಂದು ಶುರು ಮಾಡಿ, ಮುದ್ದಕ್ಕನ ಮುಖ ನೋಡಿ ತಡೆದರು. ಮುದ್ದಕ್ಕ ಆಗಲೇ ಎಡಕ್ಕೆ ತಿರುಗಲು ಸಿದ್ಧವಾಗಿದ್ದರು. "...ಉಂಡೆ. ನೂರಾ ಹದಿನೆಂಟು ಉಂಡೆ ಉಣ್ಣೆ."

"ಹಂಗೆ ಹೇಳ್ರಿ," ಅಂದರು ಮುದ್ದಕ್ಕ.

"ವಕೀಲರದ್ದೇನಾದ್ರೂ ತಕರಾರಿದೆಯಾ?"

ದಯಾನಂದ ಸಾರ್ ಅಕ್ಕನ ಮುಖ ನೋಡಿದರು. "ನನ್ನ ಕಕ್ಷಿದಾರರೇ ಉಂಡೆ ಸುತ್ತಿದ್ದಾರಂತೆ ಸಾರ್. ನಾನೇನ್ ತಕರಾರು ಮಾಡಲಿ?" ಅಂದು, ನಗು ಬಾರದವರ ಹಾಗೆ ಕೆಮ್ಮಿದರು.

ಆಮೇಲೆ ಬೇಗ ಬೇಗ ಆಯಿತು. ತಿಂಗಳು ತಿಂಗಳು ಒಂದು ಸಣ್ಣ ಮೊತ್ತ, ಭಾವ ತಪ್ಪಿಸಲಾರದಷ್ಟು ಸಣ್ಣದು. ವರ್ಷಕ್ಕೆ ಎರಡು ಸಲ, ಮರಿ ಮಾರಿದ ವಾರದಲ್ಲಿ, ಉಳಿದದ್ದು. ಶಾಲೆಯ ಪುಸ್ತಕ, ಬಟ್ಟೆ, ಡಾಕ್ಟರು ಇಬ್ಬರಿಗೂ ಸಮ, ಯಾಕೆಂದರೆ ಅಕ್ಕನೂ ದುಡಿಯುತ್ತಾಳೆ, ಹಾಗೆ ಬರೆಯಲೇಬೇಕು ಎಂದು ಅವಳೇ ಹಟ ಹಿಡಿದಳು. ರೇಷನ್ ಕಾರ್ಡಿನಲ್ಲಿ ಗಾನವಿಯ ಹೆಸರನ್ನು ಹಿರಿಯೂರಿಗೆ ಬದಲಾಯಿಸುವುದು. ಮುದ್ದಕ್ಕ ಇದಕ್ಕೆ ಒಂದು ಷರತ್ತು ಹಾಕಿದರು, ರಜೆಗೆ ಬರುವಾಗ ಅರ್ಧ ಅಕ್ಕಿ ಕಟ್ಟಿ ಕಳಿಸಬೇಕು. ರಾಜಶೇಖರ್ ಸಾರ್ ಅದನ್ನೂ ಬರೆದುಕೊಂಡರು. ಶನಿವಾರ ಭಾನುವಾರ, ರಜೆಗಳು, ಎಲ್ಲ ಮೊದಲು ಒಪ್ಪಿದ ಹಾಗೇ. ಭಾವ ಸಹಿ ಹಾಕಿದರು, ಅಕ್ಕ ಸಹಿ ಹಾಕಿದಳು. ಗಾನವಿ ತಾನೂ ಹಾಕುತ್ತೇನೆ ಎಂದು ಗಲಾಟೆ ಮಾಡಿದಳು. ಸಾರ್ ಅವಳಿಗೆ ಬೇರೆ ಹಾಳೆ ಕೊಟ್ಟರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಭಾವನ ಫೋನು ಬಡಿದುಕೊಂಡಿತು. ಪಾಲಣ್ಣ ಮಾವ, ವಿಡಿಯೋದಲ್ಲಿ. ಮುಖ ಕಾಣಲಿಲ್ಲ, ಬರೀ ಕಿವಿ. ಆಮೇಲೆ ಫೋನು ತಿರುಗಿತು. ಮಚ್ಚೆಮುಖದ ಕುರಿ, ಅದರ ಕಾಲ ಬುಡದಲ್ಲಿ ಒದ್ದೆಯಾದ ಮರಿ, ಪಕ್ಕದಲ್ಲಿ ಇನ್ನೊಂದು ಮರಿ.

"ಅವಳಿ!" ಕೂಗಿದಳು ಗಾನವಿ. ದುರ್ಗದ ಆ ರಸ್ತೆಯಲ್ಲಿ ಎಳನೀರು ಮಾರುವವನೂ ತಿರುಗಿ ನೋಡಿದ. "ಅಪ್ಪಾ, ನಾನೂ ಬರ್ತೀನಿ. ಇವತ್ತೇ ಬರ್ತೀನಿ."

ಭಾವ ಜೇಬಿನಲ್ಲಿ ಮಡಚಿಟ್ಟಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡರು. "ಇವತ್ತು ಬುಧವಾರ ಕಣವ್ವ. ಬುಧವಾರ ಅಮ್ಮಂದು. ಈಗಷ್ಟೇ ಸೈನ್ ಹಾಕಿದೀವಿ, ಸಾಹೇಬ್ರು ನೋಡಿದ್ರೆ ಏನಂತಾರೆ?"

ಗಾನವಿಯ ತುಟಿ ಅಳುವಿಗೆ ಸಿದ್ಧವಾಯಿತು.

"ಕರ್ಕಂಡ್ಹೋಗು," ಅಂದಳು ಅಕ್ಕ.

"ನಾಳೆ ಶಾಲೆ?"

"ಒಂದಿನಕ್ಕೆ ಶಾಲೆ ಎಲ್ಲಿಗೂ ಓಡೋಗಲ್ಲ. ಶುಕ್ರವಾರ ಟೆಸ್ಟ್ ಐತೆ, ನಾಳೆ ಸಂಜೆ ತಂದು ಬಿಡು. ಮರಿ ಎತ್ಕೊಂಡು ತಿರುಗ್ತಾಳೆ, ಯೂನಿಫಾರಂ ಬಿಚ್ಸು ಮೊದ್ಲು."

"ನೀನೇ ಬಂದು ಕರ್ಕಂಡ್ಹೋಗೇ. ಮರೀನೂ ನೋಡ್ದಂಗಾತದೆ."

"ಗಾರ್ಮೆಂಟ್ಸಲ್ಲಿ ರಜೆ ಕೊಡೋರು ಯಾರು, ನಿಮ್ಮಪ್ಪಾನ?"

"ನಮ್ಮಪ್ಪ ಕೊಡ್ತಿದ್ದ, ಕೇಳಿದ್ರೆ," ಅಂದರು ಭಾವ.

ಹೊಳಲ್ಕೆರೆ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಮುದ್ದಕ್ಕ ಮೊದಲು ಹತ್ತಿ, ಕಿಟಕಿ ಪಕ್ಕದ ಮೂರು ಸೀಟಿನ ಮೇಲೆ ಉದ್ದಕ್ಕೆ ಸೆರಗು ಹಾಸಿ, ಬಂದವರನ್ನೆಲ್ಲ ಬೈದು ಓಡಿಸಿದರು. ಗಾನವಿ ಅಪ್ಪನ ತೊಡೆ ಏರಿ ಫೋನಿಗೆ ಮುಖವಿಟ್ಟಳು. ಬಸ್ಸು ಹೊರಟಾಗ ಅಕ್ಕ ಕೈ ಎತ್ತಿದಳು, ನಾನೂ ಎತ್ತಿದೆ. ಗಾನವಿ ನಮ್ಮನ್ನು ನೋಡಲೇ ಇಲ್ಲ. ಯಾವ ಮರಿ ಮೊದಲು ಎದ್ದು ನಿಲ್ಲುತ್ತದೆ ಎಂದು ತಾತನ ಜೊತೆ ಪಂದ್ಯ ಕಟ್ಟುತ್ತಿದ್ದಳು.

"ನೋಡೇ ಇವಳ್ನ," ಅಂದಳು ಅಕ್ಕ, ಎತ್ತಿದ ಕೈಯನ್ನು ಇಳಿಸದೆ, ನಗುತ್ತಾ. "ಬಾರೆ, ಹಿರಿಯೂರು ಬಸ್ಸಿಗೆ ಹೊತ್ತೈತೆ. ಮೊದ್ಲು ಒಂದು ಮಸಾಲೆ ದೋಸೆ ತಿನ್ನಾಣ."